ಉಪ್ಪು ಹಾಕಿದ ಮಣ್ಣು

"ನೀರು ಹಾಕ್ಬೇಡ ಕಣಮ್ಮ," ಎಂದು ಷಡಕ್ಷರಿ ಸೊಸೆ ಶಿಲ್ಪಶ್ರೀಯ ಬಿಂದಿಗೆಗೆ ಅಡ್ಡ ನಿಂತರು.

ಕುಂಬಾರಕೊಪ್ಪಲಿನಾಚೆಯ ರುದ್ರಭೂಮಿಯಲ್ಲಿ ಅವರ ಮಗ ಶಿವಕಿರಣನ ಸಮಾಧಿ ಇನ್ನೂ ಬೋಳಾಗಿತ್ತು. ಬೇಸಿಗೆಯಲ್ಲಿ ಅವನು ಕಛ್‌ನ ಉಪ್ಪುಬಯಲಿನಿಂದ ಹುಲ್ಲಿನ ಬೀಜ ತಂದಿದ್ದ. ಬಂದ ವಾರದಲ್ಲೇ ಎದೆನೋವೆಂದು ಕೂತವನು ಏಳಲಿಲ್ಲ. ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಿದರು. ಅವನು ತಂದದ್ದರಲ್ಲಿ ಉಳಿದ ಒಂದು ಹಿಡಿ ಬೀಜವನ್ನು ಶಿಲ್ಪಶ್ರೀ ಇಲ್ಲೇ ಚೆಲ್ಲಿದ್ದಳು. ಲ್ಯಾಬಿನಲ್ಲಿ ಬೀಜ ಮೊಳೆಸಿ ನೋಡುವುದೇ ಗಂಡಹೆಂಡಿರಿಬ್ಬರ ಕೆಲಸವಾಗಿತ್ತು. ಆದರೂ ಮಾವ ವಿಭೂತಿಯ ಜೊತೆ ಗುಂಡಿಗೆ ಉಪ್ಪು ಸುರಿಸಿದ್ದು, ಸಂಕಟ ತಡೆಯಲಾರದೆ ಮೇಲ್ಮಣ್ಣಿಗೂ ಮೂಟೆಗಟ್ಟಲೆ ಬೆರೆಸಿದ್ದು ಬೀಜ ಮೊಳೆಯಲು ಅಡ್ಡಿಯೆಂದು ಅವಳಿಗೆ ಆಗ ಹೊಳೆಯಲೇ ಇಲ್ಲ. ದುಃಖದಲ್ಲಿ ಓದಿದ್ದು ಯಾರಿಗೆ ನೆನಪಿರುತ್ತದೆ!

"ಉಪ್ಪುನೆಲದ ಹುಲ್ಲು ಅಂತಿದ್ದೆ, ಬರ್ಬೇಕಾಗಿತ್ತಲ್ಲ?"

"ಬೆಳೆದ್ಮೇಲೆ ಉಪ್ಪು ತಡ್ಕೊಳ್ತವೆ ಮಾವ. ಮೊಳೆಯೋಕೆ ಸಿಹಿನೀರೇ ಬೇಕು. ಲ್ಯಾಬಲ್ಲೂ ಉಪ್ಪುನೀರಲ್ಲಿ ಸತ್ತಂಗೆ ಬಿದ್ದಿರ್ತವೆ. ತೊಳೆದ್ರೆ ಎದ್ಬುಡ್ತವೆ."

ಷಡಕ್ಷರಿ ಬಿಂದಿಗೆಯ ಬಾಯಿಗೆ ಕೈ ಅಡ್ಡ ಹಿಡಿದರು. "ಉಪ್ಪು ಕರಗೋದ್ರೆ ಒಳಗಡೆ ಅವ್ನು ಎಂಗಿರ್ತಾನೆ? ಕೆಡಬಾರ್ದು ಅಂತ್ಲೇ ಅಷ್ಟು ಹಾಕ್ಸಿದ್ದು ಕಣಮ್ಮ."

ಶಿಲ್ಪಶ್ರೀ ಬಿಂದಿಗೆ ಕೆಳಗಿಟ್ಟಳು. ಅಂದಿನಿಂದ ಲ್ಯಾಬಿನಲ್ಲಿ ಬೀಜದ ಬಟ್ಟಲು ತೆರೆದಾಗಲೆಲ್ಲ ಗಂಡನ ಮುಚ್ಚಿದ ಕಣ್ಣುಗಳೇ ಕಾಣತೊಡಗಿದವು. ಯಾವುದು ಸತ್ತಿದೆ, ಯಾವುದು ಕಾಯುತ್ತಿದೆ ಎಂದು ಹೇಳಬೇಕಾದವಳಿಗೆ ತೊಳೆಯಲು ಕೈಯೇ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಮೋಡ ಕಂಡರೆ ಸಾಕು, ಷಡಕ್ಷರಿ ಒಂಟಿಕೊಪ್ಪಲಿನ ಮನೆಯಿಂದ ಆಟೋ ಹಿಡಿದು ಬಂದು, ತಾವು ತೊಪ್ಪೆಯಾಗಿ ನೆನೆಯುತ್ತ ಸಮಾಧಿಯ ಮೇಲೆ ಕೊಡೆ ಹಿಡಿದು ನಿಲ್ಲುವರು. ಆಟೋದವರು ನಕ್ಕರು. ಶಿಲ್ಪಶ್ರೀಗೆ ನಗು ಬರಲಿಲ್ಲ. ಮಳೆನೀರು ತಾಗದೆ ಬೀಜಗಳು ಕೈತಪ್ಪಿ ಹೋಗುತ್ತಿವೆ ಎಂದು ಗೊತ್ತಿದ್ದರೂ ಮುದುಕರ ಕೈಯಿಂದ ಆ ಕೊಡೆ ಕಿತ್ತುಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

ಒಂದು ಸಂಜೆ ಮಳೆ ಬಿಟ್ಟಾಗ ಅವಳೂ ಬಂದಳು. ಮಾವ ಮಡಿಚಿದ ಕೊಡೆ ಹಿಡಿದು ಬಗ್ಗಿ ನೋಡುತ್ತಿದ್ದರು. ಸಮಾಧಿಯ ನಡುವೆ ಮಣ್ಣು ಬೋಳಾಗಿಯೇ ಇತ್ತು. ಸುತ್ತಲೂ, ಕೊಡೆಯ ಅಂಚಿನಿಂದ ನೀರು ತೊಟ್ಟಿಕ್ಕಿದಲ್ಲೆಲ್ಲ, ಎಳೆ ಹಸುರು ಬಳೆಯ ಹಾಗೆ ಎದ್ದಿತ್ತು.

"ಅವ್ನು ತಂದಿದ್ದೇನಮ್ಮ ಇದು?"

"ಹೂಂ ಮಾವ."

ಅವರು ಮೊಳಕೆಯ ಮೇಲೆ ಬೆರಳಾಡಿಸಿದರು. ಮತ್ತೆ ಹನಿ ಬೀಳತೊಡಗಿತು. ಷಡಕ್ಷರಿಯವರ ಹೆಬ್ಬೆರಳು ಅಭ್ಯಾಸಬಲದಿಂದ ಕೊಡೆಯ ಗುಂಡಿಯ ಮೇಲೆ ಹೋಯಿತು. ಒತ್ತಲಿಲ್ಲ. ಇಬ್ಬರೂ ನೆನೆಯುತ್ತ ನಿಂತರು.