ಬಾಗಿಲುಗಾರ ನಿಲ್ಲಿಸಿದ ಗಡಿಯಾರ

ಶಾಸನಸಭೆಯ ಅಧಿವೇಶನದ ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಭೆ ಮುಗಿಯಬೇಕೆಂಬುದು ಕಾನೂನು. ಹನ್ನೆರಡು ಹೊಡೆಯದಂತೆ ನೋಡಿಕೊಳ್ಳುವುದು ರೂಢಿ. ಐದು ನಿಮಿಷ ಉಳಿದಿರುವಾಗ ಬಾಗಿಲುಗಾರ ಓಟಿಸ್ ಏಣಿ ಹತ್ತಿ ಗೋಡೆ ಗಡಿಯಾರವನ್ನು ನಿಲ್ಲಿಸುತ್ತಿದ್ದ. ಆಮೇಲೆ ಹೊರಗೆ ಸೂರ್ಯ ಮುಳುಗಿದರೂ ಸಭೆಯೊಳಗೆ ಹನ್ನೊಂದು ಐವತ್ತೈದೇ. ಉಳಿದ ಮಸೂದೆಗಳೆಲ್ಲ ಆ ನಿಂತ ಹೊತ್ತಿನಲ್ಲಿ ಪಾಸಾಗುತ್ತಿದ್ದವು.

ಶಾಸಕ ಇವಾರ್ ಟ್ರಹರ್ನ್ ಇದನ್ನು ಮೂರು ಅವಧಿಯಲ್ಲಿ ಕಂಡಿದ್ದ. ಈಗ, 1915ರಲ್ಲಿ, ನಾಲ್ಕನೆಯದು. ವೇಲ್ಸಿನಿಂದ ಅಮೆರಿಕಕ್ಕೆ ಬಂದು ಹತ್ತೊಂಬತ್ತು ವರ್ಷ ಕಲ್ಲಿದ್ದಲು ಅಗೆದವನನ್ನು ಗಣಿಯವರೇ ಆರಿಸಿ ಕಳಿಸಿದ್ದರು. ಇಷ್ಟು ವರ್ಷಗಳಲ್ಲಿ ಅವನು ಬೇಡಿದ್ದು ಒಂದೇ ಮಸೂದೆ: ಗಣಿಯಲ್ಲಿ ಅನಿಲ ತುಂಬಿದ್ದರೆ ಕೆಳಗಿಳಿಯಲು ಒಲ್ಲೆ ಎನ್ನುವ ಹಕ್ಕು, ಒಲ್ಲೆ ಎಂದವನ ಸಂಸಾರವನ್ನು ಕಂಪನಿ ಮನೆಯಿಂದ ಬೀದಿಗೆ ಎಸೆಯಬಾರದೆಂಬ ಕಟ್ಟಳೆ. ಮೊನ್ನೆ ತಮ್ಮ ಗೆಥಿನ್ ಬರೆದಿದ್ದ: 'ಒಳಗೆ ಅನಿಲ ಏರಿ ಹತ್ತು ದಿನದಿಂದ ದೀಪದ ಜ್ವಾಲೆ ನೀಲಿಗೆ ತಿರುಗುತ್ತಿದೆ. ಬೇಗ ಮಾಡು.'

ಹನ್ನೊಂದೂವರೆಗೆ ಇವಾರನ ಸರದಿ ಬಂದಾಗ ಸಭಾಧ್ಯಕ್ಷ ಹಾಯ್ಟ್ ಅವನನ್ನು ಹತ್ತಿರ ಕರೆದ.

"ಟ್ರಹರ್ನ್, ರೈಲು ಕಂಪನಿ ಮಸೂದೆ ಮೊದಲು ಹೋಗ್ಲಿ ಕಣಯ್ಯಾ. ಹೇಗಿದ್ರೂ ಗಡಿಯಾರ ನಿಲ್ಲುತ್ತಲ್ಲ. ಆಮೇಲೆ ನಿಂದೇ."

"ಮಾತು ಕೊಟ್ಟ ಹಾಗೆ ತಾನೆ?"

"ಅಯ್ಯೋ ಮಾರಾಯ, ಯಾವ ವರ್ಷ ನಿಂತಿಲ್ಲ ಹೇಳು?"

ಇವಾರ್ ಸರದಿ ಬಿಟ್ಟುಕೊಟ್ಟ.

ಓಟಿಸ್ ಏಣಿ ಹತ್ತಿದ, ಗಡಿಯಾರ ನಿಂತಿತು. ರೈಲಿನ ಮಸೂದೆ ಪಾಸಾಯಿತು. ಅದರ ಹಿಂದೆಯೇ ಗಣಿ ಕಂಪನಿಗೆ ಬೇಕಾಗಿದ್ದ ಎರಡು. ಪ್ರೇಕ್ಷಕರ ಮೇಲಿನ ಸಾಲಿನಲ್ಲಿ ಕೂತಿದ್ದ ಕಂಪನಿಯ ವಕೀಲ ಎದ್ದು ಟೋಪಿ ಹಾಕಿಕೊಂಡ.

ಹಾಯ್ಟ್ ನಕ್ಕು ಕೂಗಿದ: "ಓಟಿಸ್, ಪಾಪ, ಎಷ್ಟು ಹೊತ್ತು ಅದರ ಉಸಿರು ಕಟ್ಟಿಸ್ತೀಯಾ? ಬಿಡು."

ಸಭೆ ಗೊಳ್ಳೆಂದಿತು. ಗಡಿಯಾರ ಮತ್ತೆ ನಡೆಯತೊಡಗಿತು.

"ನನ್ನ ಮಸೂದೆ ಇದೆ!" ಇವಾರ್ ಎದ್ದು ಕಿರುಚಿದ.

"ಐದು ನಿಮಿಷ ಇದೆಯಲ್ಲಪ್ಪ. ಪೂರ್ತಿ ಓದಿಸೋಣ, ನಿಯಮ ನಿಯಮವೇ."

ಆ ನಿಯಮವನ್ನು ಬೆಳಗಿನಿಂದ ಯಾರೂ ನೆನೆದಿರಲಿಲ್ಲ. ಗುಮಾಸ್ತ ಕನ್ನಡಕ ಒರೆಸಿದ, ಕೆಮ್ಮಿದ, ಒಂದೊಂದೇ ಅಕ್ಷರ ಜೋಡಿಸಿ ಓದಿದ. ಇವಾರ್ ಏಣಿಯತ್ತ ಓಡಿದ. ಓಟಿಸ್ ಅಡ್ಡ ನಿಂತ. "ಬೇಡ ಸ್ವಾಮಿ. ನಿಲ್ಸು ಅನ್ನೋರೂ ಅವರೇ, ಬಿಡು ಅನ್ನೋರೂ ಅವರೇ. ನಾನು ಬರೀ ಕೈ."

ಮೂರನೇ ಪುಟದಲ್ಲಿ ಹನ್ನೆರಡು ಹೊಡೆಯಿತು.

ಮರುದಿನ ಬೆಳಿಗ್ಗೆ ಇವಾರ್ ಗಣಿಬಾಯಿ ತಲುಪಿದಾಗ ಗೆಥಿನನ ಪಾಳಿ ಆಳುಗಳನ್ನು ಕೆಳಗಿಳಿಸುವ ಕಬ್ಬಿಣದ ಪಂಜರದ ಮುಂದೆ ಸಾಲುಗಟ್ಟಿತ್ತು.

"ಏನಾಯ್ತಣ್ಣಾ?"

"ಆಗ್ಲಿಲ್ಲ."

"ಯಾವನು ಸೋಲಿಸಿದ?"

"ಯಾರೂ ಸೋಲಿಸ್ಲಿಲ್ಲ ಕಣೋ. ನಾನೇ ಸರದಿ ಬಿಟ್ಟೆ. ಅವರ ರೂಢಿ ನಮಗೂ ಸೇರಿದ್ದು ಅನ್ಕೊಂಡೆ." ಇವಾರ್ ತಮ್ಮನ ತೋಳು ಹಿಡಿದ. "ಇವತ್ತು ಇಳೀಬೇಡ."

"ನಾಲ್ಕು ಮಕ್ಕಳನ್ನ ಹಿಮದಲ್ಲಿ ಮಲಗಿಸ್ಲಾ?" ಗೆಥಿನ್ ತೋಳು ಬಿಡಿಸಿಕೊಂಡು ಪಂಜರ ಹೊಕ್ಕ.

ಇವಾರ್ ಗೋಡೆಯಿಂದ ಒಂದು ದೀಪ ತೆಗೆದುಕೊಂಡು, ಕೋಟಿನ ಸಮೇತ ಒಳಗೆ ನುಗ್ಗಿದ.

"ನಿಂಗೇನು ಹುಚ್ಚಾ?"

"ಶಾಸಕ ಸತ್ರೆ ವಿಚಾರಣೆ ಆಗ್ಲೇಬೇಕು."

"ನಾವು ಸತ್ರೆ?"

ಹಿಂದಿನಿಂದ ಮುದುಕನೊಬ್ಬ ಹೇಳಿದ: "ಬಂಡಿ ಎಳೆಯೋ ಹೇಸರಗತ್ತೆ ಎಷ್ಟು ಉಳಿದ್ವು ಅಂತ ಕಂಪನಿಯೋರು ಕೇಳ್ತಾರೆ."

ಯಾರೂ ನಗಲಿಲ್ಲ. ಬಾಗಿಲಿಗೆ ಅಡ್ಡ ಸರಪಳಿ ಬಿತ್ತು, ಪಂಜರ ಇಳಿಯತೊಡಗಿತು.