ಆಳ್ವಿಕೆಯ ಪುಟ

ಸೋದರಮಾವ ಕುರ್ಚಿಗಳನ್ನು ಎರಡೆರಡಾಗಿ ಹೊತ್ತು ತಂದು ಸಾಲಿಗೆ ಸೇರಿಸುತ್ತಲೇ ಇದ್ದ. ಇಪ್ಪತ್ತು ಜನ ಬಂದರೆ ಹೆಚ್ಚು ಎಂದು ಮಗಳು ಅಂದುಕೊಂಡಿದ್ದಳು. ಸಭಾಂಗಣದ ಬಾಗಿಲಲ್ಲಿ ಆಗಲೇ ಅರುವತ್ತು ಜನ ನಿಂತಿದ್ದರು. ನಿಘಂಟು ಕಚೇರಿಯ ಟೈಪಿಸ್ಟ್ ಆಗಿ ನಿವೃತ್ತಳಾಗಿ ಹದಿನೈದು ವರ್ಷ ಕಳೆದಿದ್ದ ತಾಯಿಯ ಅಂತ್ಯಕ್ರಿಯೆಗೆ ಇಷ್ಟೊಂದು ಜನವೇ?

"ಪುಟ್ಟಿ, ಹಳೇ ಸಂಪಾದಕರು ಬಂದಿದಾರೆ," ಎಂದ ಮಾವ, ಬೆವರೊರೆಸಿಕೊಳ್ಳುತ್ತ. "ಎರಡು ಮಾತಾಡ್ಬೇಕಂತೆ."

ಮಗಳು ಹುಬ್ಬು ಗಂಟಿಕ್ಕಿದಳು. "ಅಮ್ಮನ್ನ ಆರು ವರ್ಷ ಗೋದಾಮಿಗೆ ತಳ್ಳಿದೋರು ಇವತ್ತು ಹೊಗಳೋಕೆ ಬಂದ್ರಾ? ಬೇಡ ಅನ್ನು ಮಾವ."

"ನೀನೇ ಹೇಳಮ್ಮ. ಎಂಬತ್ತೈದರ ಮುದುಕರು, ನನ್ನ ಕೈಲಾಗಲ್ಲ."

*

ತಾಯಿಗೂ ಸಂಪಾದಕರಿಗೂ ನಡೆದ ಆ ಹಳೇ ಜಗಳದಲ್ಲಿ ಮಗಳಿಗೆ ಗೊತ್ತಿದ್ದದ್ದು ಅರ್ಧ.

ನಿಘಂಟಿನಲ್ಲಿ ‘ಆಳ್ವಿಕೆ’ ಪದದ ಪುಟಕ್ಕೆ ಸಂಪಾದಕರು ಕೈಯಾರೆ ಒಂದು ಸಾಲು ಬರೆದಿದ್ದರು: ‘ಆಳುವವನೇ ಜನರ ಆಳು, ದೊರೆಗೂ ಸೇವಕನಿಗೂ ಒಂದೇ ಮಾತು ಬಂದದ್ದು ಹೀಗೆ.’ ಅವರ ಭಾಷಣಗಳಲ್ಲಿ ಆ ಸಾಲಿಗೆ ಚಪ್ಪಾಳೆ ಬೀಳುತ್ತಿತ್ತು. ಅದನ್ನು ಟೈಪು ಮಾಡಬೇಕಾದ ತಾಯಿ ಮಾತ್ರ ಕೈಕಟ್ಟಿ ಕೂತಳು. ಹಳೆಯ ಬರಹಗಳಲ್ಲಿ ಆ ಪದ ಎಲ್ಲೆಲ್ಲಿ ಬಂದಿದೆಯೆಂದು ಬರೆದಿಟ್ಟ ಕಾರ್ಡುಗಳ ಪೆಟ್ಟಿಗೆ ಇಳಿಸಿ, ಊಟದ ಬಿಡುವಿನಲ್ಲಿ ಹನ್ನೊಂದು ದಿನ ಓದಿದಳು. ಇನ್ನೂರ ಹದಿನಾಲ್ಕು ಕಾರ್ಡು.

"ಕತೆ ಚೆನ್ನಾಗಿದೆ ಸಾರ್. ಆದ್ರೆ ಒಂದು ಕಾರ್ಡೂ ಹಾಗನ್ನಲ್ಲ. ರಾಜ್ಯ ಆಳೋದು, ಕೂಲಿ ಆಳು—ಎರಡೂ ಒಂದೇ ಬೇರಿಂದ ಬಂದಿದ್ದೋ, ಕಿವಿಗೆ ಮಾತ್ರ ಒಂದೋ, ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಹಾಕೋಣ."

"ಟೈಪ್ ಮಾಡೋದಷ್ಟೇ ನಿಮ್ಮ ಕೆಲಸ."

"ಹೌದು ಸಾರ್. ನಾನು ಟೈಪ್ ಮಾಡಿದ್ದನ್ನ ನಾಳೆ ಶಾಲೆ ಮಕ್ಕಳು ನಂಬ್ತಾರೆ."

ಮರುದಿನವೇ ಅವಳ ಮೇಜು ನೆಲಮಾಳಿಗೆಯ ಗೋದಾಮಿಗೆ ಇಳಿಯಿತು. ಮನೆಯಲ್ಲಿ ಅವಳು ಗೊಣಗಲಿಲ್ಲ. ದರ್ಜಿ ಗಂಡ, "ಹೋಗ್ಲಿ, ಈ ಮನೆ ಆಳೋರು ಯಾರೇ?" ಎಂದು ರೇಗಿಸಿದರೆ, "ಆಳೋಳೂ ನಾನೇ, ಆಳೂ ನಾನೇ," ಎಂದು ನಗುತ್ತಿದ್ದಳು. ಸೋಲು ಮುಚ್ಚಿಕೊಳ್ಳುವ ನಗು ಅದು ಎಂದೇ ಮಗಳು ತಿಳಿದಿದ್ದಳು. ಸಿಟ್ಟಿಗೆ ಆ ನಿಘಂಟನ್ನು ಒಮ್ಮೆಯೂ ತೆರೆದಿರಲಿಲ್ಲ.

*

ಸಂಪಾದಕರು ಬಾಗಿಲ ಬಳಿ ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು.

"ಏನು ಹೇಳ್ಬೇಕು ನೀವು?" ಎಂದು ಮಗಳು ನೇರವಾಗಿಯೇ ಕೇಳಿದಳು.

"ಆ ಸಾಲು ಅಚ್ಚಾಗ್ಲಿಲ್ಲಮ್ಮ," ಎಂದರು ಅವರು. "ನಿಮ್ಮ ತಾಯೀನ ಕೆಳಗೆ ಕಳಿಸಿದ ಮೇಲೆ, ಅವರ ತಪ್ಪು ಹುಡುಕೋಣ ಅಂತ ನಾನೇ ಕಾರ್ಡು ಓದೋಕೆ ಕೂತೆ. ತಪ್ಪು ಸಿಗ್ಲಿಲ್ಲ. ‘ಮೂಲ ತಿಳಿದಿಲ್ಲ’ ಅಂತ ಅಚ್ಚು ಹಾಕಿಸ್ದೆ. ವಿದ್ವಾಂಸರೆಲ್ಲ ಎಂಥ ಪ್ರಾಮಾಣಿಕ ಅಂತ ನನ್ನ ಕೊಂಡಾಡಿದ್ರು. ನಾನು ಸುಮ್ನೆ ತಲೆಯಾಡಿಸ್ದೆ. ಅವರನ್ನ ಮೇಲಕ್ಕೆ ಕರೆಯೋಕೆ ಮುಖ ಬರಲಿಲ್ಲ."

"ಅಮ್ಮಂಗೆ ಗೊತ್ತಿತ್ತಾ?"

"ಅಚ್ಚಾಗಿ ಬಂದ ಪ್ರತಿಗಳನ್ನ ಗೋದಾಮಲ್ಲಿ ಜೋಡ್ಸಿದ್ದೇ ಅವರು. ಒಂದು ಚೀಟಿ ಕಳಿಸಿದ್ರು. ‘ಪುಟ ನೋಡಿದೆ, ಸರಿಯಾಗಿದೆ.’ ಅಷ್ಟೇ."

ಮಗಳಿಗೆ ತಡೆಯಲಾರದೆ ನಗು ಬಂತು. ಗೆದ್ದು ಬಂದವಳ ನಗುವನ್ನು ಇಷ್ಟು ವರ್ಷ ಎಷ್ಟು ತಪ್ಪಾಗಿ ಓದಿದ್ದಳು!

"ನಂಗೊಬ್ಬಳಿಗೆ ಹೇಳಿದ್ರೆ ಸಾಲದು ಸಾರ್," ಎಂದಳು. "ಎಲ್ಲರ ಮುಂದೆ ಹೇಳಿ. ಒಂದಕ್ಷರ ಬಿಡಬೇಡಿ."

ಅವರು ಬಿಡಲಿಲ್ಲ. ಮಾತು ತೊದಲಲಿಲ್ಲ. ಮುಗಿಸಿದಾಗ ಹಿಂದಿನ ಸಾಲಿನಿಂದ ಮುದಿ ಗುಮಾಸ್ತರೊಬ್ಬರು ಎದ್ದು, "ನಮಗೆಲ್ಲ ಆವತ್ತೇ ಗೊತ್ತಿತ್ತು ಸಾರ್. ಅದಕ್ಕೇ ಬಂದಿರೋದು!" ಎಂದರು. ಇಡೀ ಸಭಾಂಗಣ ಗೊಳ್ಳೆಂದಿತು. ನಗದವರು ಸಂಪಾದಕರೊಬ್ಬರೇ.

ಶವಪೆಟ್ಟಿಗೆ ಎತ್ತುವ ಹೊತ್ತಾಯಿತು. ಅವರು ಊರುಗೋಲನ್ನು ಗೋಡೆಗೊರಗಿಸಿ ಅದರ ಹಿಂದಿನ ಮೂಲೆಗೆ ಬಂದರು.

"ನಿಮ್ಮ ಕೈಲಾಗಲ್ಲ, ಬಿಡಿ," ಎಂದ ಮಾವ.

"ಆಗುತ್ತೆ," ಎಂದು ಅವರು ಹೆಗಲು ಕೊಟ್ಟರು.

ಹೊರಗೆ ನಾಲ್ಕು ಮೆಟ್ಟಿಲಿದ್ದವು. ಮುಂದಿನ ಮೂಲೆಯನ್ನು ಹೊತ್ತಿದ್ದ ಮಗಳು, ಹಿಂದಿನಿಂದ ಬರುತ್ತಿದ್ದ ಏದುಸಿರಿಗೆ ಕಿವಿಗೊಟ್ಟು, ತನ್ನ ಹೆಜ್ಜೆಯನ್ನು ಅರ್ಧಕ್ಕಿಳಿಸಿದಳು.