ಮೂರನೇ ಗೇರಿನ ಮೊಣಕಾಲು

ಗಾಡಿಯ ಹಳೇ ಸೀಟು ಪ್ರಾಣ ಬಿಟ್ಟದ್ದು ಒಂದು ಬುಧವಾರ ಬೆಳಿಗ್ಗೆ. ಕಾಯಿಲೆ ಅದಕ್ಕೆ ಬಹಳ ಕಾಲದಿಂದ ಇತ್ತು. ರೆಗ್ಸಿನ್ ಹರಿದು, ಒಳಗಿನ ನಾರು ಕಿತ್ತು ಬಂದು, ಸ್ಪ್ರಿಂಗುಗಳು ಕೂತವರ ಮರ್ಯಾದೆಯ ಜಾಗಗಳನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದವು. ಆ ದಿನ ಮಗ ಎಂದಿನಂತೆ ದೊಪ್ಪೆಂದು ಕೂತ. ಒಂದು ಸ್ಪ್ರಿಂಗು ಪ್ಯಾಂಟು ಸೀಳಿಕೊಂಡು ಒಳಗೇ ಬಂತು. ಅವನು ಕೂಗಿದ ಕೂಗಿಗೆ ಎದುರುಮನೆಯ ನಾಯಿ ಬೊಗಳುವುದನ್ನು ಬಿಟ್ಟು ಕೇಳಿಸಿಕೊಂಡಿತು.

"ಸಾಕು! ಇನ್ನು ಈ ಸೀಟಿರಬೇಕು, ಇಲ್ಲಾ ನಾನಿರಬೇಕು."

"ಸೀಟಿರಲಿ ಬಿಡು," ಅಂದಳು ಅವನಮ್ಮ, ಬಾಗಿಲಲ್ಲಿ ನಿಂತು. "ಅದು ನಿನ್ನಷ್ಟು ಕಿರಿಚಲ್ಲ."

ಗಾಡಿ ಅವಳ ಗಂಡ ಕೊಂಡದ್ದು. ಮಗನಿಗಿಂತ ವಯಸ್ಸಿನಲ್ಲಿ ದೊಡ್ಡದು. ಗುಂಡು ಮೂತಿ, ಉಬ್ಬುಗಣ್ಣಿನಂಥ ದೀಪ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ಮುಂದೆ ಈ ಬಾಗಿಲಿಂದ ಆ ಬಾಗಿಲ ತನಕ ಒಂದೇ ಸೀಟು, ಬೆಂಚಿನ ಹಾಗೆ. ಸ್ಟೀರಿಂಗಿನ ಹಿಂದೆ ಮಗ, ಆಚೆ ಬಾಗಿಲ ಪಕ್ಕ ಸೊಸೆ, ನಡುವೆ ಅವಳು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವರ ಕಸುಬು. ಮಗ ಹೊರುತ್ತಿದ್ದ, ಸೊಸೆ ಗಾಜು ಪಿಂಗಾಣಿಗಳನ್ನು ಸುತ್ತಿ ಕಟ್ಟುತ್ತಿದ್ದಳು. ತೊಟ್ಟಿಯನ್ನು ನಂಬಿ ಹಾಕಲಾಗದ ವಸ್ತುಗಳೆಲ್ಲ ಮುದುಕಿಯ ಮಡಿಲಿಗೆ ಬರುತ್ತಿದ್ದವು: ಗೋಡೆ ಗಡಿಯಾರ, ಬೆಕ್ಕು, ಒಮ್ಮೆ ಒಬ್ಬ ರಿಟೈರ್ಡ್ ಜಡ್ಜಿನ ಹಲ್ಲಿನ ಸೆಟ್ಟು. ಜನರ ಮಂಚದ ಅಡಿ ಏನೇನಿದೆ ಅಂತ ನೋಡಿದ ಮೇಲೆ ಯಾರ ಮೇಲೂ ಅತಿಯಾದ ಗೌರವ ಉಳಿಯುವುದಿಲ್ಲ. ಅವಳಿಗೂ ಉಳಿದಿರಲಿಲ್ಲ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ, ಗುಡ್ಡದ ಇಳಿಜಾರಿನಲ್ಲಿ, ಮೂರನೇ ಗೇರು ತಾನಾಗಿಯೇ ಜಾರಿ ಹಿಂದಕ್ಕೆ ಬರುವುದನ್ನು ಕಂಡಿದ್ದಳು. ಮಗ ರಸ್ತೆ ನೋಡುತ್ತಿದ್ದ. ಅವಳು ಮೆಲ್ಲಗೆ ಗೇರಿನ ಕೋಲಿನ ಹಿಂದೆ ಮೊಣಕಾಲು ಒತ್ತಿದಳು. ಕೋಲು ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿ ಕೂತಿತು. ಅವತ್ತಿನಿಂದ ಅದು ಅವಳ ಮೊಣಕಾಲಿನ ನೌಕರಿ. ಮೂರನೆಯದು ಬಿತ್ತೋ, ಕಾಲು ಒತ್ತುವುದು. ಮಗನ ಕ್ಲಚ್ಚು ಕಿರುಗುಟ್ಟಿತೋ, ಕಾಲು ತೆಗೆಯುವುದು. ಮಗನಿಗೆ ಇದರ ಸುಳಿವೇ ಇಲ್ಲ. "ಇಷ್ಟು ಹಳೇ ಗೇರ್‌ಬಾಕ್ಸು ಇಷ್ಟು ನಯವಾಗಿದೆ ಅಂದ್ರೆ ಅದು ಓಡಿಸೋವನ ಕೈ," ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಮಗ ಗುಜರಿ ಅಂಗಡಿಯಿಂದ ಹೊಸ ಸೀಟು ತಂದ. ಹೊಸದು ಅಂದರೆ, ಮರಕ್ಕೆ ಮೂತಿ ಗುದ್ದಿಕೊಂಡ ಯಾವುದೋ ಕಾರಿನದು. ಕೆನೆಬಣ್ಣ, ತಲೆಗೊಂದು ದಿಂಬು, ಕೂತವರು ಆಚೀಚೆ ವಾಲದಂತೆ ಎರಡೂ ಬದಿ ಎತ್ತರದ ಅಂಚು. ಅಂಗಳದಲ್ಲಿ ಇಟ್ಟಾಗ ಎರಡೂ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಗತ್ತಿನಿಂದ ಕೂತಿದ್ದವು.

"ಎರಡೇನಾ?" ಅಂದಳು ಮುದುಕಿ.

"ಕಾರಿನ ಮುಂದೆ ಎರಡೇ ಇರೋದು ಕಣಮ್ಮ."

ಮಗ ಟೇಪು ಹಿಡಿದು ಕ್ಯಾಬಿನ ಅಗಲ ಅಳೆದ, ಎತ್ತರ ಅಳೆದ, ಬೋಲ್ಟಿನ ತೂತಿನಿಂದ ತೂತಿಗೆ ಅಳೆದ. ಜನ ಎಣಿಸಲು ಟೇಪು ಬೇಕಾಗಿಲ್ಲವಲ್ಲ, ಆದ್ದರಿಂದ ಅವರನ್ನು ಮಾತ್ರ ಎಣಿಸಲಿಲ್ಲ.

ಸೀಟು ಕೂರಿಸಲು ಸೊಸೆಯ ಸೋದರಮಾವ ಬಂದ. ಬೀದಿ ಕೊನೆಯಲ್ಲಿ ಅವನ ವೆಲ್ಡಿಂಗ್ ಅಂಗಡಿ. ಊರೆಲ್ಲ ಅವನನ್ನು ಕಿಡಿಮಾವ ಅಂತಲೇ ಕರೆಯುವುದು. ಬಂದವನೇ ವೆಲ್ಡಿಂಗ್ ಕಡ್ಡಿ ಹಿಡಿದು ಕ್ಯಾಬಿನೊಳಗೆ ತಲೆ ತೂರಿಸಿದ.

"ಸೀಟಿನ ಬೆನ್ನ ಹಿಂದೇನೇ ಪೆಟ್ರೋಲ್ ಟ್ಯಾಂಕು," ಅಂದಳು ಮುದುಕಿ ತಣ್ಣಗೆ. "ನೀವಿಬ್ರೂ ಒಟ್ಟಿಗೇ ಮೇಲೆ ಹೋಗೋದಾದ್ರೆ ಮೊದಲು ಹೇಳಿ, ಒಣಗಿಸಿರೋ ಬಟ್ಟೆ ಒಳಗೆ ತಗೊಳ್ತೀನಿ."

ಕಿಡಿಮಾವ ಹೋದಷ್ಟೇ ವೇಗವಾಗಿ ಹೊರಗೆ ಬಂದ. "ಅಕ್ಕಾ, ನಿನ್ನ ನಾಲಿಗೆಗೊಂದು ಬೆಸುಗೆ ಹಾಕೋ ಕಡ್ಡಿ ಇನ್ನೂ ತಯಾರಾಗಿಲ್ಲ."

ಕೊನೆಗೆ ಅಂಗಡಿಯಲ್ಲೇ ಪಟ್ಟಿ ಕಬ್ಬಿಣದ ಎರಡು ಚೌಕಟ್ಟು ಬೆಸೆದು ತಂದರು, ಒಳಗೆ ಬರೀ ಬೋಲ್ಟು ಬಿಗಿಯುವುದು ಅಂತಾಯಿತು. ಕೆಳಗೆ ನೆಲದ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ಮಗ ಡ್ರಿಲ್ ಒತ್ತಿದ, ಅದು ಸೀದಾ ತೂರಿಕೊಂಡು ಕೆಳಗೆ ಮಲಗಿದ್ದ ಕಿಡಿಮಾವನ ಕಿವಿ ಪಕ್ಕ ಇಣುಕಿತು. ಕಿಡಿಮಾವ ಅಲ್ಲಿಂದಲೇ ಮಗನ ಹುಟ್ಟಿನ ಬಗ್ಗೆ ಕೆಲವು ಮಾತು ಹೇಳಿದ. ಆಮೇಲೆ ತಗಡಿನಡಿ ಅಂಗೈಯಗಲದ ಕಬ್ಬಿಣದ ತುಂಡು ಕೊಟ್ಟು ನಟ್ಟು ಬಿಗಿದರು. ಮಗ ಹತ್ತಿ ಕೂತ. ತಲೆ ಚಾವಣಿಗೆ ಢಣ್ ಅಂತು. ಚೌಕಟ್ಟು ಬಿಚ್ಚಿ, ಕಾಲು ಕತ್ತರಿಸಿ, ಮತ್ತೆ ಕೂರಿಸಿದರು. ಈಗ ಮಗ ಕತ್ತು ನೆಟ್ಟಗಿಟ್ಟು ಕೂರಬಹುದಿತ್ತು. ಎರಡು ಸೀಟಿನ ನಡುವೆ ಒಂದು ಸಂದು ಉಳಿಯಿತು, ಗೇರಿನ ಕೋಲು ಓಡಾಡುವಷ್ಟು.

ಊಟಕ್ಕೆ ಕೂತಾಗ ಸೊಸೆ ಕೇಳಿದಳು, "ಅದ್ಸರಿ, ಅತ್ತೆ ಎಲ್ಲಿ ಕೂತ್ಕೊಳ್ತಾರೆ?"

ಮಗನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಿಜಕ್ಕೂ ಆ ಪ್ರಶ್ನೆ ಅವನಿಗೆ ಆಗಲೇ ಹೊಳೆದದ್ದು. ಆದರೆ ಗಂಡಸು, ಮರೆತೆ ಅನ್ನುವುದು ಹೇಗೆ? "ಅಮ್ಮ ಇನ್ನು ಮನೇಲಿ ಆರಾಮಾಗಿರಲಿ ಅಂತ," ಅಂದ. "ವಯಸ್ಸಾಯ್ತಲ್ಲ."

ಆರಾಮ! ಮುದುಕಿಗೆ ಆ ಮಾತು ಸ್ಪ್ರಿಂಗಿಗಿಂತ ಚೂಪಾಗಿ ಚುಚ್ಚಿತು. ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡುತ್ತಾ ಕೂರುವುದು. ಗೋಡೆಗೆ ಮಂಚವಿಲ್ಲ, ಅಡಿಯಲ್ಲಿ ಇಣುಕಿ ನೋಡುವಂಥದ್ದೂ ಇಲ್ಲ. ಪಾತ್ರೆ ತೊಳೆಯುತ್ತಾ ಯೋಚಿಸಿದಳು. ಗೇರಿನ ವಿಷಯ ಹೇಳಿದರೆ ಮಗ ನಾಳೆಯೇ ಮೆಕ್ಯಾನಿಕ್ ಹತ್ತಿರ ಓಡುತ್ತಾನೆ. ಮೊಣಕಾಲಿಗಿದ್ದ ನೌಕರಿಯೂ ಹೋಗುತ್ತದೆ. ಹೇಳದಿದ್ದರೆ ಇಳಿಜಾರಿನಲ್ಲಿ ಇಬ್ಬರೂ ಇರುತ್ತಾರೆ, ಮೇಲೆ ಮನೆಯೊಂದರ ಭಾರ. ಮಗ ದಡ್ಡ, ಅವನು ಹೇಗೋ ಬದುಕಿಕೊಳ್ಳುತ್ತಾನೆ. ಸೊಸೆ ಜಾಣೆ. ಅದೇ ಚಿಂತೆ. ಒಂದೇ ಪಾತ್ರೆಯನ್ನು ಅವಳು ಬಹಳ ಹೊತ್ತು ತೊಳೆದಳು.

ಬೆಳಿಗ್ಗೆ ಹಿಂದಿನ ಬೀದಿಯ ಟೀಚರಮ್ಮನ ಸಾಮಾನು ಹೇರಿದರು. ಹೊಸ ಮನೆ ಗುಡ್ಡದ ಆಚೆ. ಸಾಮಾನೆಲ್ಲ ಹತ್ತಿದ ಮೇಲೆ ಹಳೇ ಬೆಂಚು ಸೀಟನ್ನೂ ತೊಟ್ಟಿಯಲ್ಲಿ ಕ್ಯಾಬಿನ ಹಿಂದೇ ಉಳಿದ ಜಾಗಕ್ಕೆ, ಕ್ಯಾಬಿಗೆ ಮುಖ ಮಾಡಿ ಇಳಿಸಿದರು, ಇಳಿಜಾರಿನ ಬುಡದಲ್ಲಿರುವ ಗುಜರಿ ಅಂಗಡಿಗೆ ಕೊಟ್ಟು ಹೋಗುವುದಕ್ಕೆ. ಟೀಚರಮ್ಮ ಮೀನಿನ ಗಾಜಿನ ಬುಂಡೆ ಹಿಡಿದು ಬಂದರು. ಒಳಗೆ ಎರಡು ಕೆಂಪು ಮೀನು.

"ಇದು ಅಜ್ಜಿ ಮಡಿಲಲ್ಲೇ ಹೋಗ್ಬೇಕು. ಅಜ್ಜಿ ಎಲ್ಲಿ?"

ಅಜ್ಜಿ ಆಗಲೇ ಸ್ಟೂಲಿಟ್ಟು ತೊಟ್ಟಿ ಹತ್ತಿ, ಬೀರು ಮಂಚಗಳ ನಡುವೆ, ಹಳೇ ಬೆಂಚಿನ ಮೇಲೆ ವಿರಾಜಮಾನಳಾಗಿದ್ದಳು.

"ಅಮ್ಮಾ! ಇಳಿಯಮ್ಮ, ಜನ ನೋಡ್ತಾರೆ!"

"ನೋಡ್ಲಿ. ಗುಜರಿಗೆ ಹೋಗೋ ಸಾಮಾನು ತಾನೇ ಇದು? ನಾನೂ ಜೊತೆಗೇ ಹೋಗ್ತೀನಿ. ನಡಿ."

ಮೀನಿನ ಬುಂಡೆ ಸೊಸೆಯ ಮಡಿಲಿಗೆ ಹೋಯಿತು. ಗಾಡಿ ಹೊರಟಿತು. ಬೀದಿಯುದ್ದಕ್ಕೂ ಮುದುಕಿ ಪರಿಚಯದವರಿಗೆಲ್ಲ ಕೈ ಬೀಸಿದಳು. ಮಗನ ಕಿವಿ ಕೆಂಪಗಾಗಿದ್ದು ಹಿಂದಿನಿಂದಲೂ ಕಾಣುತ್ತಿತ್ತು. ಕ್ಯಾಬಿನ ಹಿಂದಿನ ಕಿಂಡಿಯ ಗಾಜು ಯಾವತ್ತೋ ಒಡೆದು, ಜಾಲರಿ ಕಟ್ಟಿದ್ದರು. ಅವಳ ಕಣ್ಣು ಆ ಜಾಲರಿಯಲ್ಲೇ ಇತ್ತು.

ಇಳಿಜಾರು ಶುರುವಾಯಿತು. ಮಗ ಮೂರನೇ ಗೇರು ಹಾಕಿ ಹೊಸ ಸೀಟಿಗೆ ಒರಗಿದ. "ಹೆಂಗೆ, ವಿಮಾನದ ಹಾಗಿಲ್ವಾ?" ಅಂದ ಹೆಂಡತಿಗೆ.

ಟಕ್. ಕೋಲು ಹಿಂದಕ್ಕೆ ಹಾರಿತು. ಹಿಡಿತ ತಪ್ಪಿದ ಗಾಡಿ ನಿಜಕ್ಕೂ ವಿಮಾನದ ಹಾಗೇ ಹೊರಟಿತು. ಮಗ ಕೋಲು ಒತ್ತಿದ. ಟಕ್, ಮತ್ತೆ ಬಂತು. ಬ್ರೇಕು ತುಳಿದ, ಸುಟ್ಟ ವಾಸನೆ ಬಂತು. ಟೀಚರಮ್ಮನ ಬೀರು ಮುದುಕಿಯ ಹೆಗಲಿಗೆ ಒರಗಿತು.

"ಮೊಣಕಾಲು!" ಎಂದು ಕೂಗಿದಳು ಮುದುಕಿ ಜಾಲರಿಗೆ ಬಾಯಿಟ್ಟು. "ಗೇರು ಹಾಕೋ! ನೀನು ಕೋಲಿನ ಹಿಂದೆ ಮೊಣಕಾಲು ಕೊಡೇ!"

"ಎಟುಕಲ್ಲ ಅತ್ತೆ! ಸೀಟಿನ ಅಂಚು ಅಡ್ಡ!"

"ಕೈ ಕೊಡು ಹಾಗಾದ್ರೆ!"

"ಕೈಯಲ್ಲಿ ಮೀನಿದೆ!"

"ಮೀನು ಅವನ ಮಡಿಲಿಗೆ ಹಾಕು! ಎರಡೂ ಕೈಲಿ ಒತ್ತು, ಮುಂದಕ್ಕೆ! ಬಿಡಬೇಡ!"

ಸೊಸೆ ಹೇಳಿದ ಹಾಗೆ ಮಾಡಿದಳು. ಮಾತಿನ ಪ್ರಕಾರವೇ ಮಾಡಿದಳು. ಬುಂಡೆ ಗಂಡನ ತೊಡೆ ಮೇಲೆ ಕೂತದ್ದೇ ಪಕ್ಕಕ್ಕೆ ವಾಲಿ, ನೀರೂ ಮೀನೂ ಅವನ ಬೆಲ್ಟಿನಿಂದ ಕೆಳಗೆ ಹಂಚಿಹೋದವು. ಅವಳು ಸೀಟಿನಿಂದ ಅರ್ಧ ಎದ್ದು ಕೋಲನ್ನು ಕಳ್ಳನ ಕುತ್ತಿಗೆ ಹಿಡಿದಂತೆ ಹಿಡಿದಳು. ಎಂಜಿನು ಗುರ್ರೆಂದು ಗಾಡಿಯನ್ನು ಎಳೆದು ಹಿಡಿಯಿತು. ಗುಜರಿ ಅಂಗಡಿಯ ಮುಂದೆ ಬಂದು ನಿಂತಾಗ ಮೂವರಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ಮೀನುಗಳಂತೂ ಇಲ್ಲವೇ ಇಲ್ಲ.

ಮಗ ಇಳಿದು ರಸ್ತೆಯಲ್ಲೇ ಕುಣಿದ. ಒಂದು ಮೀನು ಜೇಬಿನಿಂದ ಸಿಕ್ಕಿತು. ಇನ್ನೊಂದು ಎಲ್ಲಿ ಸಿಕ್ಕಿತು ಅಂತ ಅವನು ಇವತ್ತಿಗೂ ಹೇಳುವುದಿಲ್ಲ. ಅಂಗಡಿಯ ನಲ್ಲಿಯಿಂದ ಬುಂಡೆ ತುಂಬಿಸಿದರು. ಎರಡೂ ಈಜತೊಡಗಿದವು, ಸ್ವಲ್ಪ ಯೋಚನೆ ಮಾಡುತ್ತಾ.

"ಎಷ್ಟು ದಿನದಿಂದ ಹೀಗಿದೆ ಇದು?" ಅಂದ ಮಗ.

"ನಿಮ್ಮಪ್ಪ ಹೋದ ವರ್ಷದಿಂದ."

"ಮತ್ತೆ ಇಷ್ಟು ವರ್ಷ ಹೇಗೆ ನಿಂತಿತ್ತು?"

ಮುದುಕಿ ಸೀರೆಯ ಮೇಲಿಂದಲೇ ಮೊಣಕಾಲು ತಟ್ಟಿ ತೋರಿಸಿದಳು. ಓಡಿಸುವವನ ಕೈ ಮಗನ ಪಕ್ಕದಲ್ಲಿ ಒದ್ದೆಯಾಗಿ ನೇತಾಡುತ್ತಿತ್ತು.

"ಹೇಳೋದಲ್ವಾ ಅಮ್ಮ?"

"ಹೇಳಿದ್ರೆ ರಿಪೇರಿ ಮಾಡಿಸ್ತಿದ್ದೆ. ರಿಪೇರಿ ಆದ್ಮೇಲೆ ನಡುವೆ ನಾನ್ಯಾಕೆ? ಅದಕ್ಕೆ ಹೇಳ್ಲಿಲ್ಲ," ಅಂದಳು. ಹಾಸ್ಯ ಮಾಡಲು ಹೊರಟ ಮಾತು ನಡುವೆಯೇ ಸೊರಗಿತು. "ಇವತ್ತು ಹೇಳೋಣ ಅಂತಲೇ ಹತ್ತಿದೆ. ಮಾತು ಬಾಯಿಗೆ ಬರೋದ್ರೊಳಗೆ ಇಳಿಜಾರು ಬಂತು."

ಗುಜರಿಯವನು ಬೆಂಚು ಇಳಿಸಿಕೊಳ್ಳಲು ಬಂದ. ಸೊಸೆ ಅಡ್ಡ ನಿಂತಳು.

"ಅದು ಕೊಡಲ್ಲ." ಗಂಡನ ಕಡೆ ತಿರುಗಿದಳು. "ಟೇಪು ಎಲ್ಲಿ?"

ಕ್ಯಾಬಿನೊಳಗೆ ಬಗ್ಗಿ ಎರಡು ಸೀಟಿನ ನಡುವಿನ ಸಂದು ಅಳೆದಳು. ಆಮೇಲೆ ಟೇಪು ಹಿಡಿದು ಅತ್ತೆಯ ಹತ್ತಿರ ಬಂದಳು. "ಅತ್ತೆ, ಸ್ವಲ್ಪ ತಿರುಗಿ."

"ಏನೇ ಇದು, ನಡುಬೀದೀಲಿ!"

"ತಿರುಗಿ ಅಂದ್ನಲ್ಲಾ." ಅಳೆದಳು. ಸಂದು ನೋಡಿದಳು, ಟೇಪು ನೋಡಿದಳು, ಅತ್ತೆಯನ್ನು ನೋಡಿದಳು. "ಸಂದು ಸಾಲಲ್ಲ. ಅತ್ತೆದು..."

"ಲೆಕ್ಕ ಬಾಯಲ್ಲಿ ಹೇಳಿದ್ರೆ ನಾಲಿಗೆ ಕಿತ್ತಿಡ್ತೀನಿ."

"ಸಂದು ಸಾಲಲ್ಲ," ಅಂದಳು ಸೊಸೆ ಮತ್ತೆ, ಗಂಡನಿಗೆ. "ಎರಡೂ ಸೀಟು ಬಾಗಿಲ ಕಡೆ ಸರಿಸಬೇಕು. ನಡುವೆ ಈ ಬೆಂಚಿಂದು ಒಂದು ತುಂಡು. ಗೇರೂ ರಿಪೇರಿ ಆಗ್ಬೇಕು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗೇರು ಸರಿಹೋಯ್ತು ಅಂತ ಅತ್ತೆನ ಮನೇಲಿ ಬಿಟ್ರೆ, ನಾನೂ ಅಲ್ಲೇ ಆರಾಮಾಗಿರ್ತೀನಿ. ಪಿಂಗಾಣಿ ನೀನೇ ಕಟ್ಕೋ."

ಗೇರ್‌ಬಾಕ್ಸು ಬಿಚ್ಚಿ ಸವೆದ ಹಲ್ಲು ಬದಲಾಯಿಸಿದರು. ಕಿಡಿಮಾವ ಬೆಂಚಿನ ನಡುಭಾಗ ಗರಗಸದಿಂದ ಕೊಯ್ದು, ಹೊಸ ಸ್ಪ್ರಿಂಗು ತುಂಬಿ, ಎರಡು ಕೆನೆಬಣ್ಣದ ಸೀಟಿನ ನಡುವೆ ಬಿಗಿದ. ಅದರ ಚೌಕಟ್ಟಿನ ಕಾಲು ಕತ್ತರಿಸಲು ಮರೆತನೋ, ಬೇಕೆಂದೇ ಬಿಟ್ಟನೋ, ಗಿಡ್ಡ ಮುದುಕಿ ಈಗ ಇಬ್ಬರಿಗಿಂತ ಒಂದು ಗೇಣು ಎತ್ತರ ಕೂರುತ್ತಾಳೆ, ಆ ಹಲ್ಲಿಲ್ಲದ ಜಡ್ಜಿನ ಹಾಗೆ. ಮಗನ ಮೊಣಕೈ ಮಾತ್ರ ಪ್ರತಿ ತಿರುವಿನಲ್ಲೂ ಬಾಗಿಲ ಹಿಡಿಗೆ ಬಡಿಯುತ್ತದೆ. ಬಡಿಯಲಿ.

ಮೊದಲ ಸಲ ಮೂವರೂ ಹೊರಟಾಗ ಇಳಿಜಾರಿನಲ್ಲಿ ಮೂರನೇ ಗೇರು ಬಿತ್ತು. ಬಂಡೆಯ ಹಾಗೆ ನಿಂತಿತು, ಯಾರೂ ಹಿಡಿಯಬೇಕಾಗಿರಲಿಲ್ಲ. ಗುಡ್ಡ ಇಳಿದು ನೆಟ್ಟಗಿನ ರಸ್ತೆ ಬಂತು. ಮಗ ನಾಲ್ಕನೆಯದಕ್ಕೆ ಕೋಲು ಹಿಂದಕ್ಕೆಳೆದ. ಬರಲಿಲ್ಲ. ಮತ್ತೆ ಎಳೆದ.

"ಅಮ್ಮಾ, ಕಾಲು."

"ಯಾವ ಕಾಲು?" ಅಂದಳು ಮುದುಕಿ, ಕಿಟಕಿಯಾಚೆ ನೋಡುತ್ತಾ. ಮಡಿಲಲ್ಲಿ ಯಾರದೋ ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.